ಕೊಡುವುದನ್ನು ಕಲಿಯುವುದು ಹೇಗೆ? ಮಕ್ಕಳೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ದಾಸೋಹದ ಪಾಠ ಮಾಡಿದ ದಿನ ಶುರುವಾಗುವ ಪ್ರಶ್ನೆಗಳು ವರ್ಷವಿಡೀ ನಿಲ್ಲುವುದಿಲ್ಲ. ಕೆಲವು ಮಕ್ಕಳು ಚೀಟಿಯಲ್ಲಿ ಬರೆದು ಕೊಡುತ್ತಾರೆ, ಕೆಲವರು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸುತ್ತಾರೆ. ಪೋಷಕರ ಸಭೆಗೆ ಬಂದ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಹೆಚ್ಚು ಸಲ ಬಂದವನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಕೊನೆಗೆ.

## ಶುರು ಮಾಡುವವರಿಗೆ

ನನ್ನ ಹತ್ರ ದುಡ್ಡೇ ಇಲ್ಲ ಮೇಡಂ, ನಾನೇನು ಕೊಡ್ಲಿ?

ನಿನ್ನ ಹತ್ತಿರ ಓದು ಇದೆ, ಕೈಬರಹ ಇದೆ, ಭಾನುವಾರ ಇದೆ. ಕಣ್ಣು ಕಾಣದ ವಿದ್ಯಾರ್ಥಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಲು ಒಬ್ಬ ಬರಹಗಾರ ಬೇಕು. ಸಾಮಾನ್ಯವಾಗಿ ಕೆಳಗಿನ ತರಗತಿಯ ವಿದ್ಯಾರ್ಥಿಯನ್ನೇ ಆ ಕೆಲಸಕ್ಕೆ ಒಪ್ಪುತ್ತಾರೆ. ಅಂದರೆ ಎಂಟನೇ, ಒಂಬತ್ತನೇ ಕ್ಲಾಸಿನ ನೀವು ಮಾಡಬಹುದಾದ ಈ ಸಹಾಯವನ್ನು ದೊಡ್ಡವರು ಮಾಡಲು ಬರುವುದಿಲ್ಲ. ಪರೀಕ್ಷೆಗೆ ತಿಂಗಳು ಮೊದಲೇ ಮುಖ್ಯ ಶಿಕ್ಷಕರಿಗೆ ಹೆಸರು ಕೊಟ್ಟಿರಿ. ಒಂದೆರಡು ಸಲ ಆ ವಿದ್ಯಾರ್ಥಿಯ ಜೊತೆ ಕೂತು ಅಭ್ಯಾಸ ಮಾಡಿ. ಅವರು ಹೇಳುವ ವೇಗಕ್ಕೆ ನಿಮ್ಮ ಕೈ ಹೊಂದಬೇಕು.

ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ಪರೀಕ್ಷೆ ಇರುತ್ತದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ಕಳೆದ ವರ್ಷ ಆ ಪರೀಕ್ಷೆ ಬರೆದವರು ಈ ವರ್ಷದವರಿಗೆ ಸಂಜೆ ಒಂದು ಗಂಟೆ ಲೆಕ್ಕ ಹೇಳಿಕೊಟ್ಟರೆ ಒಂದು ಮನೆಗೆ ನಾಲ್ಕು ವರ್ಷದ ನೆರವು ಸಿಕ್ಕಂತೆ. ಇದಕ್ಕೆ ಜೇಬಿನಿಂದ ಒಂದು ರೂಪಾಯಿ ಬೇಡ.

ಮುಷ್ಟಿ ಅಕ್ಕಿ ಅಂತ ಅಜ್ಜಿ ಎತ್ತಿಡ್ತಾರೆ. ಅದ್ಯಾಕೆ?

ಅಜ್ಜಿಯ ಕೈಯನ್ನು ಒಂದು ಸಲ ಸರಿಯಾಗಿ ನೋಡು. ಪಾವಿನಲ್ಲಿ ಅಕ್ಕಿ ಅಳೆದು ಮೊರಕ್ಕೆ ಸುರಿಯುತ್ತಾರೆ. ಕಲ್ಲು, ಹುಳ ಆರಿಸುತ್ತಾರೆ. ತೊಳೆಯುವ ಮೊದಲು ಆ ಮೊರದಿಂದಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. ಮೂಟೆಯಿಂದ ತೆಗೆದು ಹಾಕುವುದಿಲ್ಲ. ಇವತ್ತು ನಾವು ಉಣ್ಣಬೇಕೆಂದು ಅಳೆದದ್ದರಲ್ಲೇ ಒಂದು ಹಿಡಿ ಕಡಿಮೆ. ಅದೂ ಆರಿಸಿ ಹಸನು ಮಾಡಿದ ಅಕ್ಕಿ. ತೆಗೆದುಕೊಳ್ಳುವವರು ಮತ್ತೆ ಕಲ್ಲು ಆರಿಸಬೇಕಾಗಿಲ್ಲ.

ಒಂದು ಹಿಡಿ ಅಂದರೆ ಸುಮಾರು 40ರಿಂದ 50 ಗ್ರಾಂ. ದಿನಕ್ಕೆ ಒಂದು ಹಿಡಿಯಾದರೆ ತಿಂಗಳಿಗೆ ಒಂದೂಕಾಲು, ಒಂದೂವರೆ ಕೆಜಿ. ಮೂವತ್ತು ಮನೆಯ ಒಂದು ಬೀದಿ ಸೇರಿದರೆ ತಿಂಗಳಿಗೆ ಹತ್ತಿರ ಹತ್ತಿರ ನಲವತ್ತು ಕೆಜಿ. ಮಠಗಳ ದಾಸೋಹ, ಹಳೆಯ ಕಾಲದ ವಿದ್ಯಾರ್ಥಿನಿಲಯಗಳು ನಡೆದದ್ದು ಇಂಥ ಹಿಡಿಗಳಿಂದಲೂ ಹೌದು.

ನಿಮ್ಮ ಮನೆಯಲ್ಲಿ ಈ ರೂಢಿ ನಿಂತಿದ್ದರೆ ನೀನೇ ಶುರು ಮಾಡು. ಅಮ್ಮನಿಗೆ ಮೊದಲೇ ಹೇಳಿರು. ತಿಂಗಳ ಕೊನೆಗೆ ಆ ಅಕ್ಕಿ ಎಲ್ಲಿಗೆ ಹೋಗಬೇಕು ಅಂತ ಮನೆಯವರೆಲ್ಲ ಕೂತು ಮಾತಾಡಿ. ಡಬ್ಬಿಯಲ್ಲಿ ಜಾಸ್ತಿ ದಿನ ಇಟ್ಟರೆ ನುಸಿ ಹಿಡಿಯುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಕಳಿಸಲೇಬೇಕು.

ಮಕ್ಕಳಿಗೆ ಎಷ್ಟನೇ ವಯಸ್ಸಿಂದ ಕಲಿಸ್ಬೇಕು? ನಮ್ಮವನು ಇನ್ನೂ ಚಿಕ್ಕವನು.

ಕೈಗೆ ಲೋಟ ಹಿಡಿಯಲು ಬಂದರೆ ಸಾಕು. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವವರು ಈಗಲೂ ಇದ್ದಾರೆ, ರಾಮನವಮಿಗೆ ಬೀದಿಯಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುತ್ತಾರೆ. ಅಲ್ಲಿ ಐದು ವರ್ಷದ ಮಗುವನ್ನು ಲೋಟ ಕೊಡಲು ನಿಲ್ಲಿಸಿ. ಬಿಸಿಲಲ್ಲಿ ಬಂದವರು ಕುಡಿದು ಉಸಿರು ಬಿಡುವುದನ್ನು ಅದು ಎದುರಿಗೇ ನೋಡುತ್ತದೆ. ನಾವು ಮನೆಯಲ್ಲಿ ಕೂತು ಎಷ್ಟು ಹೇಳಿದರೂ ಅಷ್ಟು ನಾಟುವುದಿಲ್ಲ.

## ಮನೆಯೊಳಗಿನ ಪ್ರಶ್ನೆಗಳು

ಬರ್ತ್‌ಡೇ ದಿನ ಅನಾಥಾಶ್ರಮಕ್ಕೆ ಹೋಗಿ ಕೇಕ್ ಕಟ್ ಮಾಡೋದು ಒಳ್ಳೇದಲ್ವಾ?

ಉದ್ದೇಶ ಒಳ್ಳೆಯದೇ. ಆದರೆ ಆ ಆಶ್ರಮದ ಮಗುವಿನ ಜಾಗದಲ್ಲಿ ಒಂದು ಸಲ ನಿಂತು ನೋಡಿ. ಗೊತ್ತಿಲ್ಲದ ಯಾರೋ ಕಾರಿನಲ್ಲಿ ಬರುತ್ತಾರೆ. ಸಾಲಾಗಿ ನಿಲ್ಲಿಸುತ್ತಾರೆ. ಅವರ ಮಗನಿಗೆ ಇವರು ಹ್ಯಾಪಿ ಬರ್ತ್‌ಡೇ ಹಾಡಬೇಕು, ಆಮೇಲೆ ಒಂದು ತುಂಡು ಕೇಕ್. ಫೋಟೋ ತೆಗೆದುಕೊಂಡು ಅವರು ಹೋಗುತ್ತಾರೆ. ಮುಂದಿನ ವಾರ ಇನ್ನೊಬ್ಬರು. ತನ್ನ ಹುಟ್ಟಿದ ದಿನ ಯಾವುದು ಅಂತಲೇ ಗೊತ್ತಿಲ್ಲದ ಮಕ್ಕಳೂ ಆ ಸಾಲಿನಲ್ಲಿರುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ.

ಫೋಟೋ ವಿಷಯ ಇನ್ನೂ ಗಂಭೀರ. ಪಾಲನಾ ಸಂಸ್ಥೆಯಲ್ಲಿರುವ ಮಕ್ಕಳ ಗುರುತು ಸಿಗುವಂಥ ಹೆಸರು, ಚಿತ್ರ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ನಿಷೇಧಿಸುತ್ತದೆ. ಸ್ಟೇಟಸ್‌ಗೆ ಹಾಕಿದರೂ ಅದು ಪ್ರಕಟಿಸಿದ ಹಾಗೇ.

ಹಾಗಾದರೆ ಏನು ಮಾಡಬಹುದು? ಮೊದಲು ಫೋನ್ ಮಾಡಿ, ಈ ತಿಂಗಳು ಏನು ಕಡಿಮೆ ಇದೆ ಅಂತ ಕೇಳಿ. ಕೇಕ್ ಬೇಕು ಅಂತ ಹೇಳುವವರು ಅಪರೂಪ. ಬಟ್ಟೆ ಸೋಪು, ಒಳಉಡುಪು, ಸ್ಯಾನಿಟರಿ ಪ್ಯಾಡ್, ಸೊಳ್ಳೆಪರದೆ, ಚಳಿಗಾಲಕ್ಕೆ ಹೊದಿಕೆ ಅಂತ ಹೇಳುತ್ತಾರೆ. ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಅವನೇ ಆರಿಸಲಿ. ತಲುಪಿಸಿ, ರಸೀದಿ ತೆಗೆದುಕೊಂಡು ಬನ್ನಿ. ಕೇಕನ್ನು ಮನೆಯಲ್ಲೇ ಕತ್ತರಿಸಿ. ಅಲ್ಲಿನ ಮಕ್ಕಳ ಜೊತೆ ನಿಜವಾಗಿ ಒಡನಾಡಬೇಕು ಅಂತಿದ್ದರೆ ಸಂಸ್ಥೆಯ ಒಪ್ಪಿಗೆ ಪಡೆದು ಪ್ರತಿ ತಿಂಗಳೂ ಹೋಗಿ, ಅವರ ಹೆಸರು ಕಲಿಯಿರಿ, ಕಬಡ್ಡಿ ಆಡಿ.

ನಮ್ಮಪ್ಪ ಜಾತ್ರೆಗೆ ಸಾವಿರಗಟ್ಟಲೆ ಕೊಡ್ತಾರೆ. ಮನೆಕೆಲಸದ ಅಕ್ಕನಿಗೆ ಸಂಬಳ ಜಾಸ್ತಿ ಮಾಡಿ ಅಂದ್ರೆ ಬೈತಾರೆ. ಯಾಕೆ ಹಾಗೆ?

ಈ ಪ್ರಶ್ನೆ ಕೇಳಿದ ಹುಡುಗಿಗೆ ನಾನು ಹೇಳಿದ್ದು ಇಷ್ಟು. ಸಂಬಳ ದಾನದ ಲೆಕ್ಕಕ್ಕೆ ಬರುವುದಿಲ್ಲ, ಅದು ಅವರ ದುಡಿಮೆಯ ಬೆಲೆ. ಅದನ್ನು ಮೊದಲು ಸರಿಮಾಡಬೇಕು. ವಾರದ ರಜೆ, ಕಾಯಿಲೆ ಬಂದಾಗ ಸಂಬಳ ಹಿಡಿಯದಿರುವುದು, ನಾವು ಕುಡಿಯುವ ಲೋಟದಲ್ಲೇ ಅವರಿಗೂ ಕಾಫಿ ಕೊಡುವುದು, ಇವೆಲ್ಲ ದಾನಕ್ಕಿಂತ ಮುಂಚಿನ ಮಾತು.

12ನೇ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಜೊತೆಯಲ್ಲಿಟ್ಟರು. ದುಡಿದು ಗಳಿಸಿದ್ದರಿಂದಲೇ ದಾಸೋಹ ನಡೆಯಬೇಕು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ಕೇಳಿರುತ್ತೀರಿ. ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದಾಗ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲೇ ಸುರಿದು ಬರಲು ಹೇಳಿದಳು. ದಾಸೋಹಕ್ಕೇ ತಾನೇ ಅಂತ ಬಿಡಲಿಲ್ಲ. ಬೇರೆಯವರಿಗೆ ಸಲ್ಲಬೇಕಾದ್ದನ್ನು ತಂದು ದಾನ ಮಾಡಿದರೆ ಅದು ದಾನವಾಗುವುದಿಲ್ಲ ಅಂತ ಆಕೆಗೆ ಖಚಿತವಾಗಿ ಗೊತ್ತಿತ್ತು. ಸಂಬಳದ ವಿಷಯ ಬಂದಾಗಲೆಲ್ಲ ನನಗೆ ಲಕ್ಕಮ್ಮ ನೆನಪಾಗುತ್ತಾಳೆ.

ಅಪ್ಪನ ಹತ್ತಿರ ಜಗಳ ಮಾಡಬೇಡ. ಊಟ ಆದಮೇಲೆ, ಅವರು ಸಮಾಧಾನವಾಗಿರುವಾಗ ಕೇಳು: "ಅಪ್ಪಾ, ಅಕ್ಕನಿಗೆ ಸಂಬಳ ಹೆಚ್ಚಿಸಿ ಎಷ್ಟು ವರ್ಷ ಆಯ್ತು?" ಅಷ್ಟು ಕೇಳಿ ಬಿಡು.

ಮದುವೇಲಿ ಮುಯ್ಯಿ ಹಾಕೋದು ದಾನನಾ?

ದಾನ ಅಲ್ಲ, ಆದರೂ ಒಳ್ಳೆಯ ಪದ್ಧತಿ. ಪುಸ್ತಕದಲ್ಲಿ ಹೆಸರು, ಮೊತ್ತ ಬರೆದಿಡುತ್ತಾರೆ, ಅವರ ಮನೆ ಮದುವೆಗೆ ಅಷ್ಟೋ ಸ್ವಲ್ಪ ಜಾಸ್ತಿಯೋ ತೀರಿಸುತ್ತಾರೆ. ಮದುವೆ ಖರ್ಚು ಒಂದೇ ಮನೆಯ ಮೇಲೆ ಬೀಳದಂತೆ ಊರು ಮಾಡಿಕೊಂಡ ಏರ್ಪಾಡು. ತೀರಿಸಲು ಆಗದ ಮನೆ ಅಂತ ಗೊತ್ತಿದ್ದೂ ಜಾಸ್ತಿ ಹಾಕಿ, ಪುಸ್ತಕದಲ್ಲಿ ಕಡಿಮೆ ಬರೆಸುವವರನ್ನು ನಾನು ನೋಡಿದ್ದೇನೆ. ಅದು ಮಾತ್ರ ದಾನವೇ.

ತಿಂಗಳಿಗೆ ಎಷ್ಟು ಎತ್ತಿಡ್ಬೇಕು? ಸಾಲ ಇದ್ರೆ?

ಇಷ್ಟೇ ಅಂತ ನಾನು ಹೇಳುವುದಿಲ್ಲ. ಮುಸ್ಲಿಮರಲ್ಲಿ ಝಕಾತ್‌ಗೆ ಲೆಕ್ಕ ಇದೆ. ನಿಗದಿ ಮಿತಿಗಿಂತ ಹೆಚ್ಚಿನ ಉಳಿತಾಯ ಒಂದು ಚಾಂದ್ರಮಾನ ವರ್ಷ ಕೈಯಲ್ಲಿದ್ದರೆ ಅದರಲ್ಲಿ ಶೇ 2.5. ಸಾಲದಲ್ಲಿ ಮುಳುಗಿದವರು ಝಕಾತ್ ಪಡೆಯಬಹುದಾದವರ ಪಟ್ಟಿಯಲ್ಲೇ ಇದ್ದಾರೆ. ಕ್ರೈಸ್ತರಲ್ಲಿ ಆದಾಯದ ಹತ್ತನೇ ಒಂದು ಪಾಲು ಎನ್ನುವ ರೂಢಿ ಇದೆ. ಜೈನರು ಆಹಾರ, ಔಷಧ, ಶಾಸ್ತ್ರ, ಅಭಯ ಅಂತ ನಾಲ್ಕು ಬಗೆಯ ದಾನ ಹೇಳುತ್ತಾರೆ. ಅದರಲ್ಲಿ ಅಭಯಕ್ಕೆ ದುಡ್ಡೇ ಬೇಕಿಲ್ಲ.

ನಾನು ಮನೆಯವರಿಗೆ ಹೇಳುವ ಉಪಾಯ ಒಂದೇ. ತಿಂಗಳ ದಿನಸಿ ಚೀಟಿಯಲ್ಲಿ ಅಕ್ಕಿ, ಬೇಳೆ, ಎಣ್ಣೆಯ ಕೆಳಗೆ ಇದಕ್ಕೂ ಒಂದು ಸಾಲು ಬರೆಯಿರಿ. 50 ರೂಪಾಯಿ ಆದರೂ ಸರಿ. ಉಳಿದರೆ ಕೊಡೋಣ ಅಂದುಕೊಂಡರೆ ಯಾವ ತಿಂಗಳೂ ಉಳಿಯುವುದಿಲ್ಲ ಅಲ್ವಾ? ಆ ಸಾಲಿನ ಮೊತ್ತ ಎಲ್ಲಿಗೆ ಅಂತ ಒಂದು ತಿಂಗಳು ಮಗ ಹೇಳಲಿ, ಒಂದು ತಿಂಗಳು ಮಗಳು, ಇನ್ನೊಂದು ತಿಂಗಳು ಅಜ್ಜಿ. ಆರಿಸುವ ಅಧಿಕಾರ ಸಿಕ್ಕಾಗ ಮಕ್ಕಳು ವಿಚಾರಿಸುತ್ತಾರೆ, ಹೋಲಿಸುತ್ತಾರೆ, ಅಜ್ಜಿಯ ಜೊತೆ ವಾದ ಮಾಡುತ್ತಾರೆ. ಅಪ್ಪ ಕೊಟ್ಟ ನೋಟನ್ನು ಹುಂಡಿಗೆ ಹಾಕಿ ಬರುವ ಮಗು ಇದನ್ನೆಲ್ಲ ಕಲಿಯುವುದಿಲ್ಲ. ಬಡ್ಡಿ ಸಾಲ ಇದ್ದರೆ ಮೊದಲು ಅದನ್ನು ತೀರಿಸಿ, ಅಲ್ಲಿಯವರೆಗೆ ಮುಷ್ಟಿ ಅಕ್ಕಿಯೇ ಸಾಕು.

## ಯಾರಿಗೆ, ಯಾವ ರೀತಿ

ಸಿಗ್ನಲ್‌ನಲ್ಲಿ ಕೈಚಾಚೋ ಮಕ್ಕಳಿಗೆ ಕೊಡ್ಬೇಕಾ, ಬೇಡ್ವಾ?

ಕೈಗೆ ದುಡ್ಡು ಕೊಡಬೇಡಿ. ಹಣ್ಣು, ಬಿಸ್ಕತ್ತು, ನೀರು ಕೊಡಬಹುದು. ಮುಖ್ಯವಾಗಿ 1098 ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ, ಯಾವ ಸರ್ಕಲ್, ಎಷ್ಟು ಹೊತ್ತು, ಸುಮಾರು ಎಷ್ಟು ವಯಸ್ಸು ಅಂತ ಹೇಳಿ. ವಯಸ್ಸಾದವರ ವಿಷಯ ಬೇರೆ. ಅವರನ್ನು ಮಾತಾಡಿಸಿ, ಊಟ ಕೊಡಿಸಿ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿದರೆ ಭಿಕ್ಷುಕರ ಕರ ಅಂತ ಶೇ 3 ಸೇರಿರುತ್ತದೆ. ಅದು ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗುವ ಹಣ. ಆ ಕೇಂದ್ರಗಳು ಹೇಗೆ ನಡೆಯುತ್ತಿವೆ ಅಂತ ಕೇಳುವ ಹಕ್ಕು ಪ್ರತಿ ಮನೆಗೂ ಇದೆ.

ಹಳೇ ಬಟ್ಟೆ ಕೊಡ್ಬಹುದಾ?

ನಿಮ್ಮ ಮಗ ನಾಳೆ ಹಾಕಿಕೊಂಡು ಶಾಲೆಗೆ ಹೋಗಬಹುದಾದ ಬಟ್ಟೆಯಾದರೆ ಒಗೆದು, ಗುಂಡಿ ಹೊಲಿದು, ಮಡಚಿ ಕೊಡಿ. ಇಲ್ಲವಾದರೆ ಮನೆ ಒರೆಸಲು ಇಟ್ಟುಕೊಳ್ಳಿ. ಪ್ರವಾಹ ಬಂದಾಗ ಪರಿಹಾರ ಕೇಂದ್ರಗಳಿಗೆ ಹರಿದ ಬಟ್ಟೆಯ ಮೂಟೆಗಳು ಬರುತ್ತವೆ. ಅವನ್ನು ವಿಂಗಡಿಸಲು ಜನ, ಇಡಲು ಜಾಗ ಎರಡೂ ಸಾಲದೆ ನಿಜವಾಗಿ ಬೇಕಾದ ಔಷಧ, ಚಾಪೆ, ಪಾತ್ರೆಗಳ ಕೆಲಸ ಹಿಂದೆ ಬೀಳುತ್ತದೆ.

ಪುಸ್ತಕ ಕೊಟ್ರೆ ಅದೂ ದಾನನಾ?

ನಮ್ಮ ನಾಡಿನಲ್ಲಿ ಅದು ಬಹಳ ಹಳೆಯ ದಾನ. ಅತ್ತಿಮಬ್ಬೆ ಸಾವಿರ ವರ್ಷದ ಹಿಂದೆ ಪೊನ್ನ ಕವಿಯ ಶಾಂತಿಪುರಾಣವನ್ನು 1000 ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲ. ತಾಳೆಗರಿಯ ಮೇಲೆ ಒಂದೊಂದು ಅಕ್ಷರವನ್ನೂ ಕಬ್ಬಿಣದ ಕಂಟದಿಂದ ಕೊರೆಯಬೇಕು. ಒಂದು ಕೃತಿಯ ಸಾವಿರ ಪ್ರತಿ ಅಂದರೆ ಎಷ್ಟು ಜನ ಲಿಪಿಕಾರರಿಗೆ ಎಷ್ಟು ಕಾಲದ ಅನ್ನ ಅಂತ ಲೆಕ್ಕ ಹಾಕಿ. ಅವಳನ್ನು ದಾನಚಿಂತಾಮಣಿ ಅಂತ ಕರೆದದ್ದು ಸುಮ್ನೆ ಅಲ್ಲ. ಅವಳು ಕಟ್ಟಿಸಿದ ಬಸದಿ ಗದಗದ ಹತ್ತಿರ ಲಕ್ಕುಂಡಿಯಲ್ಲಿದೆ. ಪ್ರವಾಸ ಹೋದಾಗ ಮಕ್ಕಳಿಗೆ ತೋರಿಸಿ.

ಸರ್ಕಾರಿ ಶಾಲೆಯ ಪಠ್ಯಪುಸ್ತಕ ಉಚಿತವಾಗಿ ಬರುತ್ತದೆ, ಅದು ಬೇಡ. ನಿಘಂಟು, ಭೂಪಟ, ಜಾಮಿಟ್ರಿ ಬಾಕ್ಸ್, ಮಕ್ಕಳ ಕಥೆ ಪುಸ್ತಕ ಕೊಡಿ. ಶಾಲೆಯ ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ಬರೆಸಿಯೇ ಕೊಡಿ, ಆಗ ಉಳಿಯುತ್ತವೆ.

ನಮ್ಮ ತಾತ ವಾರಾನ್ನದಲ್ಲಿ ಓದಿದ್ದು ಅಂತಾರೆ. ಹಂಗಂದ್ರೇನು?

ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲ. ಓದಬೇಕಾದರೆ ಮೈಸೂರು, ಬೆಂಗಳೂರು, ಧಾರವಾಡದಂಥ ಊರಿಗೆ ಹೋಗಬೇಕು. ಹೋಟೆಲಿಗೆ ದುಡ್ಡಿಲ್ಲ. ಆಗ ಹುಡುಗ ಏಳು ಮನೆ ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ಒಂದು ಮನೆಯಲ್ಲಿ ಊಟ, ಮಂಗಳವಾರ ಇನ್ನೊಂದು. ಒಂದು ಮನೆ ಸಿಗದಿದ್ದರೆ ಆ ವಾರ ಆ ದಿನ ಉಪವಾಸ. ಉತ್ತರ ಕರ್ನಾಟಕದ ಕಡೆ ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ ಅನ್ನ, ರೊಟ್ಟಿ ತರುವ ಮಧುಕರಿಯೂ ಇತ್ತು.

ಈ ಏರ್ಪಾಡಿನಲ್ಲಿ ನನಗೆ ತುಂಬಾ ಹಿಡಿಸುವುದು ಅದರ ಅಳತೆ. ಒಂದು ಮನೆಗೆ ವಾರಕ್ಕೆ ಒಂದೇ ದಿನದ ಭಾರ. ಸಾಧಾರಣ ಗುಮಾಸ್ತರ ಮನೆಯೂ ಅದನ್ನು ಹೊರಬಹುದಿತ್ತು. ಹುಡುಗ ಬರುವ ದಿನ ಮನೆಯ ಹೆಂಗಸು ಒಂದು ಹಿಡಿ ಹೆಚ್ಚಿಗೆ ಅಕ್ಕಿ ಇಡುತ್ತಿದ್ದಳು. ಆ ಮನೆಯ ಮಕ್ಕಳು ಅವನ ಪಕ್ಕದಲ್ಲೇ ಎಲೆ ಹಾಕಿಕೊಂಡು ಕೂರುತ್ತಿದ್ದರು.

ಆದರೆ ಪೂರ್ತಿ ಸತ್ಯವನ್ನೂ ಹೇಳಬೇಕು. ಎಲ್ಲ ಮನೆಯಲ್ಲೂ ಪ್ರೀತಿ ಇರಲಿಲ್ಲ, ಅಂಗಳದಲ್ಲಿ ಕೂರಿಸಿ ಬಡಿಸಿದವರೂ ಇದ್ದರು. ಅದಕ್ಕಿಂತ ದೊಡ್ಡ ಮಾತೆಂದರೆ ವಾರಾನ್ನ ಹೆಚ್ಚಾಗಿ ಜಾತಿಯ ಒಳಗೇ ನಡೆಯಿತು. ಪಟ್ಟಣದಲ್ಲಿ ಉಣ್ಣುವ ಮನೆಯಿದ್ದ ಜಾತಿಯ ಹುಡುಗ ಓದಿದ, ಇಲ್ಲದವನು ಓದಲಿಲ್ಲ. ದಲಿತ ಮಕ್ಕಳಿಗೆ ಆ ಬಾಗಿಲು ತೆರೆಯಲೇ ಇಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಶಾಲೆ ನಡೆಸಿದಾಗ ಅವರ ಸ್ವಂತ ಸಮುದಾಯವೇ ಅವರಿಗೆ ಬಹಿಷ್ಕಾರ ಹಾಕಿತು. ಅವರು ಕೊಟ್ಟದ್ದರಲ್ಲಿ ದುಡ್ಡಿಗಿಂತ ದೊಡ್ಡದು ತಮ್ಮ ನೆಮ್ಮದಿ.

ಮುಂದೆ ಉಚಿತ ವಿದ್ಯಾರ್ಥಿನಿಲಯಗಳು ಬಂದವು. ಮೈಸೂರಿನಲ್ಲಿ ಸುತ್ತೂರಿನ ರಾಜೇಂದ್ರ ಸ್ವಾಮೀಜಿ 1941ರಲ್ಲಿ ಮಕ್ಕಳಿಗೆ ಊಟ ವಸತಿಯ ನಿಲಯ ತೆರೆದರು. ಆಮೇಲೆ ಬೆಳೆದ ಜೆಎಸ್‌ಎಸ್ ಸಂಸ್ಥೆಗಳಿಗೆಲ್ಲ ಬೇರು ಅದು. ಸರ್ಕಾರಿ ಹಾಸ್ಟೆಲುಗಳು ಬಂದಮೇಲೆ ವಾರಾನ್ನ ತಾನಾಗಿಯೇ ನಿಂತಿತು. ತಾತನನ್ನು ಕೂರಿಸಿಕೊಂಡು ಏಳು ಮನೆಗಳ ಹೆಸರು ಕೇಳಿ ಬರೆದಿಟ್ಟುಕೋ. ಅನ್ನ ಹಾಕಿದವರ ಹೆಸರು ಮರೆತವರನ್ನು ನಾನು ಕಂಡಿಲ್ಲ.

ಸಿದ್ಧಗಂಗೆ ದಾಸೋಹಕ್ಕೆ ಕೊಡೋದಾದ್ರೆ ದುಡ್ಡಾ, ದವಸನಾ?

ಎರಡೂ ನಡೆಯುತ್ತದೆ. ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿದಮೇಲೆ ರಾಗಿ, ಅಕ್ಕಿ, ತೆಂಗಿನಕಾಯಿ, ತರಕಾರಿಯನ್ನು ಊರವರೆಲ್ಲ ಸೇರಿಸಿ ಗಾಡಿಯಲ್ಲಿ ಕಳಿಸುವ ರೂಢಿ ಇದೆ. 2019ರ ಜನವರಿ 21ರಂದು ತಮ್ಮ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಮೊದಲ ವರ್ಷಗಳಲ್ಲಿ ತಾವೇ ಜೋಳಿಗೆ ಹಿಡಿದು ಹಳ್ಳಿ ಸುತ್ತಿದವರು. ಅಲ್ಲಿ ಜಾತಿ, ಧರ್ಮ ನೋಡದೆ ಹತ್ತಿರ ಹತ್ತಿರ 10,000 ಮಕ್ಕಳಿಗೆ ಊಟ, ವಸತಿ, ಓದು ನಡೆದಿದೆ.

ಹಿಂದೆ ಕಣದಲ್ಲಿ ರಾಶಿ ಪೂಜೆ ಆದಮೇಲೆ ಮನೆಗೆ ತುಂಬುವ ಮೊದಲು ಬಂದವರಿಗೆಲ್ಲ ಮೊರದಲ್ಲಿ ಕೊಡುತ್ತಿದ್ದರು. ಮಕ್ಕಳು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಈಗ ಮೆಷಿನ್ ಕಟಾವು. ಕಾಳು ಗದ್ದೆಯಿಂದಲೇ ಚೀಲಕ್ಕೆ, ಚೀಲದಿಂದ ಮಂಡಿಗೆ. ಕಣ ಹೋದಮೇಲೆ ಆ ನೋಟವೂ ಹೋಯಿತು. ಆದ್ದರಿಂದ ದವಸ ಕಳಿಸುವ ದಿನ ಮಕ್ಕಳನ್ನೂ ಗಾಡಿ ಹತ್ತಿಸಿ. ಮಠದಲ್ಲೇ ಊಟಕ್ಕೆ ಕೂರಲಿ. ಬೀದರಿನ ಕಡೆಯವರಾದರೆ ನಾನಕ್ ಝೀರಾ ಗುರುದ್ವಾರದ ಲಂಗರ್‌ನಲ್ಲಿ ಬಡಿಸುವ ಕೈಗಳ ಜೊತೆ ಸೇರಬಹುದು. ಕೊಟ್ಟಲ್ಲೇ ಕೂತು ಉಂಡ ಮಗು ನಾನು ಮೇಲೆ, ಅವರು ಕೆಳಗೆ ಅಂತ ಕಲಿಯುವುದಿಲ್ಲ.

ನನಗೆ 18 ಆಯ್ತು, ರಕ್ತ ಕೊಡ್ಲಾ? ಅಮ್ಮ ಹೆದರ್ತಾರೆ.

ತೂಕ 45 ಕೆಜಿಗಿಂತ ಜಾಸ್ತಿ, ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಇಲ್ಲ ಅಂತಾದರೆ ಧೈರ್ಯವಾಗಿ ಕೊಡು. ಕೊಡುವ ಮೊದಲು ಅಲ್ಲೇ ಪರೀಕ್ಷೆ ಮಾಡುತ್ತಾರೆ. ಒಂದು ಸಲಕ್ಕೆ 350 ಅಥವಾ 450 ಮಿಲಿ ತೆಗೆಯುತ್ತಾರೆ. ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡ. ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗು, ಕಣ್ಣಾರೆ ನೋಡಿದರೆ ಹೆದರಿಕೆ ಹೋಗುತ್ತದೆ.

## ದುಡ್ಡು, ರಸೀದಿ

ವಾಟ್ಸಾಪ್‌ನಲ್ಲಿ ಮಗುವಿನ ಆಪರೇಷನ್ ಅಂತ ಕ್ಯೂಆರ್ ಕೋಡ್ ಬರುತ್ತೆ. ನಂಬೋದಾ?

ಮನಸ್ಸು ಕರಗುವುದು ಸಹಜ, ಆದರೂ ಐದು ನಿಮಿಷ ತಡೆಯಿರಿ. ಸಂದೇಶದಲ್ಲಿರುವ ನಂಬರಿಗೆ ಮಾಡಬೇಡಿ. ಆಸ್ಪತ್ರೆಯ ನಂಬರನ್ನು ಬೇರೆ ಕಡೆಯಿಂದ ಹುಡುಕಿ, ಆ ಹೆಸರಿನ ಮಗು ದಾಖಲಾಗಿದೆಯಾ, ಆಸ್ಪತ್ರೆಯ ಖಾತೆಗೇ ಕಟ್ಟಬಹುದಾ ಅಂತ ಕೇಳಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಬರುವ ಹೆಸರು ಯಾರದು ನೋಡಿ. ಒಂದೇ ಫೋಟೋ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅಷ್ಟರೊಳಗೆ ಆ ಮಗು ಗುಣವಾಗಿರಬಹುದು, ತೀರಿಹೋಗಿರಬಹುದು, ಅಥವಾ ಆ ಫೋಟೋ ಬೇರೆ ಯಾರದೋ ಆಗಿರಬಹುದು. ನಿಮಗೆ ನಿಜ ಅಂತ ಖಾತ್ರಿಯಾಗದೆ ಫಾರ್ವರ್ಡ್ ಮಾಡಬೇಡಿ. ಮಕ್ಕಳೇ, ಈ ಕೆಲಸದಲ್ಲಿ ನೀವು ಅಪ್ಪ ಅಮ್ಮನಿಗಿಂತ ಚುರುಕು, ಅವರಿಗೆ ನೀವೇ ನೋಡಿಕೊಡಿ.

ರಸೀದಿ ಕೇಳಿದ್ರೆ ಅವಮಾನ ಮಾಡಿದ ಹಾಗಾಗಲ್ವಾ? ತೆರಿಗೆ ಕಡಿಮೆ ಆಗುತ್ತಂತೆ, ಹೌದಾ?

ಒಳ್ಳೆಯ ಸಂಸ್ಥೆ ನೀವು ಕೇಳುವ ಮೊದಲೇ ರಸೀದಿ ಕೊಡುತ್ತದೆ. ಅದು ಅವರಿಗೂ ರಕ್ಷಣೆ. ತೆರಿಗೆಯ ವಿಷಯಕ್ಕೆ ಬಂದರೆ, ಎಲ್ಲರ ಬಾಯಲ್ಲಿರುವ 80ಜಿ ವಿನಾಯಿತಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಸಂಸ್ಥೆಗೆ ಅದರ ನೋಂದಣಿ ಇರಬೇಕು. ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಸಿಗುವುದಿಲ್ಲ, ಅಕ್ಕಿ ಬಟ್ಟೆ ಕೊಟ್ಟರೂ ಸಿಗುವುದಿಲ್ಲ.

## ಕಷ್ಟದ ಪ್ರಶ್ನೆಗಳು

ತಗೊಳ್ಳೋಕೆ ನಾಚಿಕೆ ಆಗುತ್ತೆ ಮೇಡಂ. ಏನ್ ಮಾಡ್ಲಿ?

ಈ ಚೀಟಿ ಪ್ರತಿ ವರ್ಷ ಬರುತ್ತದೆ, ಹೆಸರಿಲ್ಲದೆ. ನಿನಗೆ ಮೊದಲು ಒಂದು ವಿಂಗಡಣೆ ಹೇಳುತ್ತೇನೆ. ಬಿಸಿಯೂಟ, ಹಾಲು, ಸಮವಸ್ತ್ರ, ಸರ್ಕಾರಿ ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು, ಇವು ಯಾರೂ ನಿನಗೆ ಮಾಡುವ ಉಪಕಾರ ಅಲ್ಲ. ನಿನ್ನ ಹಕ್ಕು. ನಿಮ್ಮಪ್ಪ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಂಡರೂ ಅದರಲ್ಲಿ ತೆರಿಗೆ ಇದೆ. ತಲೆ ಎತ್ತಿ ತೆಗೆದುಕೋ.

ಇನ್ನು ಯಾರೋ ದಾನಿ ಕೊಟ್ಟ ಫೀಸು, ಸೈಕಲ್ಲು. ಅದನ್ನೂ ತಲೆ ಎತ್ತಿಯೇ ತೆಗೆದುಕೋ. ಹರೇಕಳ ಹಾಜಬ್ಬ ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ಹಣ್ಣಿನ ಬೆಲೆ ಇಂಗ್ಲಿಷಿನಲ್ಲಿ ಕೇಳಿದ ಪ್ರವಾಸಿಗರಿಗೆ ಉತ್ತರ ಕೊಡಲು ಆಗಲಿಲ್ಲ ಎಂಬ ನೋವಿನಿಂದ ತಮ್ಮೂರು ನ್ಯೂಪಡ್ಪುವಿನಲ್ಲಿ ಶಾಲೆ ಆಗುವಂತೆ ಮಾಡಿದರು. 2020ರ ಪದ್ಮಶ್ರೀ ಅವರಿಗೆ ಬಂತು. ಕಿತ್ತಳೆ ಮಾರಿದ ದುಡ್ಡೊಂದರಿಂದಲೇ ಆ ಕಟ್ಟಡ ಏಳಲಿಲ್ಲ. ಅವರು ಕಚೇರಿಗಳಿಗೆ ಅಲೆದರು, ಜನರ ಹತ್ತಿರ ಕೇಳಿದರು, ಬಂದದ್ದನ್ನು ತೆಗೆದುಕೊಂಡರು. ಕೇಳುವುದಕ್ಕೂ ಎದೆಗಾರಿಕೆ ಬೇಕು.

ಕೊಡುವವರಿಗೂ ಒಂದು ಮಾತು. ನೋಟ್‌ಬುಕ್ ಹಂಚುವಾಗ ಬಡವರು ಕೈ ಎತ್ತಿ ಅಂತ ದಯವಿಟ್ಟು ಹೇಳಬೇಡಿ. ಇಡೀ ತರಗತಿಗೆ ಕೊಡಿ, ಇಲ್ಲವಾದರೆ ಶಿಕ್ಷಕರ ಕೈಗೆ ಕೊಟ್ಟು ಹೋಗಿ. ಯಾರಿಗೆ ಬೇಕು ಅಂತ ನಮಗೆ ಗೊತ್ತಿರುತ್ತದೆ. ವೇದಿಕೆಗೆ ಕರೆದು ಮೈಕಿನಲ್ಲಿ ಹೆಸರು ಹೇಳಿ ಶೂ ಕೊಟ್ಟರೆ, ಆ ಶೂ ಹಾಕಿಕೊಂಡು ಬರಲು ಆ ಹುಡುಗನಿಗೆ ಆಗುವುದಿಲ್ಲ.

ದೇವಸ್ಥಾನದ ಫ್ಯಾನ್ ಮೇಲೆಲ್ಲ ದಾನಿಗಳ ಹೆಸರು. ಹೆಸರು ಬರೆಸೋದು ತಪ್ಪಾ?

ತಪ್ಪು ಅನ್ನಲಾರೆ. ನಮ್ಮ ಶಾಸನಗಳಲ್ಲಿ ಎಷ್ಟೊಂದು ದಾನಶಾಸನಗಳೇ ಅಲ್ವಾ? ಆದರೆ ಅವುಗಳನ್ನು ಓದಿ ನೋಡಿ. ದಾನಿಯ ಹೆಸರಿನ ಜೊತೆಗೆ ಎಷ್ಟು ಭೂಮಿ, ನಾಲ್ಕೂ ದಿಕ್ಕಿನ ಎಲ್ಲೆ ಯಾವುದು, ಬಂದ ಉತ್ಪನ್ನ ಯಾತಕ್ಕೆ, ಯಾರು ನೋಡಿಕೊಳ್ಳಬೇಕು, ಎಲ್ಲ ಇರುತ್ತದೆ. ಕೊನೆಗೆ, ಇದನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ ಅಂತ ಶಾಪ. ಮುಂದಿನ ಅಧಿಕಾರಿ ನುಂಗದಿರಲಿ ಅಂತ ಕಲ್ಲಿನಲ್ಲಿ ಬರೆದ ಕರಾರು ಪತ್ರ ಅದು. ಹಾಗೆ ಬರೆಸಿ. ಇಷ್ಟು ಹಣ, ಈ ಕೆಲಸಕ್ಕೆ, ಈ ವರ್ಷ. ಫ್ಯಾನಿನ ಮೂರೂ ರೆಕ್ಕೆಯ ಮೇಲೆ ಹೆಸರು ಬೇಡ.

ಬೆಂಗಳೂರು ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರ ಛತ್ರ 1903ರಿಂದ ಇದೆ. ಹೆಸರು ಅವರದ್ದೇ. ಒಂದು ಶತಮಾನ ದಾಟಿದರೂ ಊರಿನಿಂದ ಬಂದವರು ಅಲ್ಲಿಗೆ ದಾರಿ ಕೇಳುತ್ತಾರೆ.

ಕೊಟ್ಟ ದುಡ್ಡಲ್ಲಿ ಕುಡೀತಾರೆ ಅಂತ ಗೊತ್ತಾದ್ರೆ?

ಅವರಿಗೆ ಮತ್ತೆ ನಗದು ಕೊಡಬೇಡಿ. ಅವರ ಮನೆಗೆ ದಿನಸಿ ಕೊಡಿಸಿ, ಮಕ್ಕಳ ಫೀಸು ಶಾಲೆಗೇ ಕಟ್ಟಿ. ಒಬ್ಬರು ಹೀಗೆ ಮಾಡಿದರು ಅಂತ ಇನ್ನು ಯಾರಿಗೂ ಕೊಡುವುದಿಲ್ಲ ಎಂದು ನಿಲ್ಲಿಸಬೇಡಿ.

ಇದೆಲ್ಲ ಸರ್ಕಾರ ಮಾಡ್ಬೇಕಾದ ಕೆಲಸ ಅಲ್ವಾ? ನಾವ್ಯಾಕೆ ಕೊಡ್ಬೇಕು?

ಹತ್ತನೇ ಕ್ಲಾಸಿನ ಒಬ್ಬ ಹುಡುಗ ತುಸು ಕೋಪದಿಂದಲೇ ಕೇಳಿದ. ಕೋಪ ಸರಿಯಾಗಿಯೇ ಇದೆ. ಒಂದು ಮಠ ಹತ್ತು ಸಾವಿರ ಮಕ್ಕಳಿಗೆ ಉಣಿಸಬಹುದು. ರಾಜ್ಯದ ಎಲ್ಲ ಶಾಲೆಗಳ ಲಕ್ಷಾಂತರ ಮಕ್ಕಳಿಗೆ ಸರ್ಕಾರವೇ ಉಣಿಸಬೇಕು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಬಿಸಿಯೂಟ ಶುರುವಾಗಿ ಆಮೇಲೆ ಎಲ್ಲ ಕಡೆಗೂ ಬಂತು. 2013ರಲ್ಲಿ ಹಾಲು ಸೇರಿತು. ಬಿಸಿಯೂಟದ ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಜನ ಮೊದಲು ಮಾಡಿ ತೋರಿಸಿದ್ದನ್ನು ಸರ್ಕಾರ ಕೈಗೆತ್ತಿಕೊಂಡಿತು ಅನ್ನುವುದಕ್ಕೆ ಆ ಹೆಸರೇ ಸಾಕ್ಷಿ. ವಾರಾನ್ನದಿಂದ ಹಾಸ್ಟೆಲಿಗೆ ಬಂದ ದಾರಿಯೂ ಅಂಥದ್ದೇ.

ಅದಕ್ಕೇ ನಾನು ಎರಡೂ ಬೇಕು ಅನ್ನುತ್ತೇನೆ. ಇವತ್ತು ಹಸಿದವನಿಗೆ ಇವತ್ತೇ ಊಟ ಹಾಕಬೇಕು, ಬಜೆಟ್ ಬರುವವರೆಗೆ ಕಾಯಲು ಆಗದು. ಜೊತೆಗೆ, ಬರಬೇಕಾದ್ದು ಬರುತ್ತಿದೆಯಾ ಅಂತಲೂ ಕೇಳಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ನಿಮ್ಮ ಅಪ್ಪ ಅಮ್ಮನನ್ನು ಕಳಿಸಿ. ಅಡುಗೆಕೋಣೆಯ ದಾಸ್ತಾನು ಪುಸ್ತಕ ತೋರಿಸಿ ಅಂತ ಕೇಳಲಿ, ಬೇಳೆಯ ಅಳತೆ ನೋಡಲಿ, ಅಡುಗೆಯವರಿಗೆ ಗೌರವಧನ ಸಮಯಕ್ಕೆ ಬಂತಾ ಅಂತ ವಿಚಾರಿಸಲಿ. ಒಂದು ದಿನದ ಕೂಲಿ ಬಿಟ್ಟು ಆ ಸಭೆಗೆ ಬರುವ ತಾಯಂದಿರು ನಮ್ಮ ಶಾಲೆಯಲ್ಲಿದ್ದಾರೆ. ದಾನಿಗಳ ಫಲಕದಲ್ಲಿ ಅವರ ಹೆಸರನ್ನೂ ಬರೆಸಬೇಕು ಅಂತ ನಾನು ಈ ಸಲದ ಸಭೆಯಲ್ಲಿ ಕೇಳಲಿದ್ದೇನೆ.